ಸಾವಿರದಲ್ಲಿ ಒಂದು ಪಾಲು ಬೆಳಕು

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೊರಡುವುದು ಬಿಸಿಲೇರಿದ ಮೇಲೆ. ಕತ್ತಲಾಗುವ ಮೊದಲೇ ಎಲ್ಲರನ್ನೂ ವಾಪಸು ಕರೆತಂದು ದಡಕ್ಕೆ ಬಿಡುತ್ತಾರೆ. ಮಳೆಗಾಲದಲ್ಲಿ ಅದೂ ಇಲ್ಲ. ಕ್ಯಾಮೆರಾ ಹೊತ್ತು ಹೋಗುವವರಿಗೆ ಇದಕ್ಕಿಂತ ಕಿರಿಕಿರಿಯ ವೇಳಾಪಟ್ಟಿ ಬೇರೆ ಬೇಕಿಲ್ಲ. ಎಂಟೂವರೆ–ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿ ಬಂದ ಲಾವಾ ಆರುತ್ತಾ ಬಿರಿದು ಐದು ಮುಖ, ಆರು ಮುಖದ ಕಲ್ಲುಕಂಬಗಳಾಗಿ ಅಲ್ಲಿ ನಿಂತಿದೆ. ಅದರ ಬುಡಕ್ಕೆ ಅಲೆ ಬಡಿಯುತ್ತಲೇ ಇರುತ್ತದೆ. ನೀರು ಮಂಜಾಗಿ ಹರಡಿ, ಕಲ್ಲು ಮಾತ್ರ ಕಲ್ಲಾಗಿಯೇ ಉಳಿದ ಚಿತ್ರ ಬೇಕೆಂದರೆ ಕ್ಯಾಮೆರಾದ ಶಟರ್ ಕೆಲವು ಸೆಕೆಂಡಾದರೂ ತೆರೆದಿರಬೇಕು. ನಸುಕಿನಲ್ಲಿ ಅಥವಾ ಮುಸ್ಸಂಜೆಯಲ್ಲಿ ಅದು ಸಲೀಸು. ಆದರೆ ದ್ವೀಪ ನಮಗೆ ಸಿಗುವುದು ಉರಿಬಿಸಿಲಿನಲ್ಲಿ.

ಹಳೆಯ ಫಿಲ್ಮ್ ರೋಲುಗಳ ಕಾಲದಿಂದ ಬಂದ ಒಂದು ಲೆಕ್ಕವಿದೆ. ನಿಚ್ಚಳ ಬಿಸಿಲಿನಲ್ಲಿ ಲೆನ್ಸಿನ ತೂತನ್ನು, ಅಂದರೆ ಅಪರ್ಚರನ್ನು, ಎಫ್/16ಕ್ಕೆ ಇಟ್ಟರೆ, ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಎಂದು ಹೇಳುವ ಐಎಸ್‌ಓ ಎಷ್ಟೋ ಅಷ್ಟನೇ ಒಂದು ಸೆಕೆಂಡು ಶಟರ್ ತೆರೆದರೆ ಸಾಕು. ಐಎಸ್‌ಓ 100 ಎಂದರೆ ಸೆಕೆಂಡಿನ ನೂರನೇ ಒಂದು ಭಾಗ. ಅಪರ್ಚರನ್ನು ಇನ್ನೂ ಕಿರಿದು ಮಾಡಿ ಎಫ್/22ಕ್ಕೆ ತಂದರೂ ಐವತ್ತನೇ ಒಂದು ಭಾಗ ಅಷ್ಟೇ. ಅಷ್ಟು ಹೊತ್ತಿನಲ್ಲಿ ಅಲೆ ಹನಿಹನಿಯಾಗಿ ಗಾಳಿಯಲ್ಲಿ ನಿಂತುಬಿಡುತ್ತದೆ.

ಇನ್ನೂ ಕಿರಿದು ಮಾಡಿದರಾಗದೇ ಎಂದು ಕೇಳಬಹುದು. ಅಲ್ಲಿ ಬೆಳಕಿನ ಸ್ವಭಾವವೇ ಅಡ್ಡ ಬರುತ್ತದೆ. ಸಣ್ಣ ತೂತಿನ ಮೂಲಕ ಹಾಯುವ ಬೆಳಕು ಅಂಚಿನಲ್ಲಿ ಬಾಗಿ ಹರಡುತ್ತದೆ, ವಿವರ್ತನೆ ಎನ್ನುತ್ತಾರೆ. ಹೀಗಾಗಿ ದೂರದ ಒಂದು ಬಿಂದು ಸೆನ್ಸರಿನ ಮೇಲೆ ಬಿಂದುವಾಗಿ ಬೀಳದೆ ಪುಟ್ಟ ಬಿಲ್ಲೆಯಾಗಿ ಬೀಳುತ್ತದೆ. ಹಸಿರು ಬೆಳಕಿಗೆ ಲೆಕ್ಕ ಹಾಕಿದರೆ ಎಫ್/8ರಲ್ಲಿ ಆ ಬಿಲ್ಲೆಯ ಅಗಲ ಸುಮಾರು 11 ಮೈಕ್ರಾನ್, ಎಫ್/22ರಲ್ಲಿ 30 ಮೈಕ್ರಾನ್. ಇಂದಿನ ಸೆನ್ಸರುಗಳ ಒಂದೊಂದು ಪಿಕ್ಸೆಲ್ ನಾಲ್ಕರಿಂದ ಆರು ಮೈಕ್ರಾನ್ ಅಗಲ ಇರುವುದು ಸಾಮಾನ್ಯ. ಅಂದರೆ ಎಫ್/22ರಲ್ಲಿ ಒಂದು ಬಿಂದು ಹತ್ತಾರು ಪಿಕ್ಸೆಲುಗಳ ಮೇಲೆ ಕಲೆಯಾಗಿ ಕೂರುತ್ತದೆ. ಕಲ್ಲಿನ ಮೇಲ್ಮೈಯ ನವುರು ಮಸುಕಾಗುತ್ತದೆ. ಐಎಸ್‌ಓ ತಗ್ಗಿಸಲೂ ಮಿತಿಯಿದೆ. ಬಹುತೇಕ ಕ್ಯಾಮೆರಾಗಳಲ್ಲಿ ನೂರರ ಆಸುಪಾಸಿನಲ್ಲೇ ಅದು ನಿಲ್ಲುತ್ತದೆ. ಇನ್ನುಳಿದ ದಾರಿ ಬೆಳಕನ್ನು ಲೆನ್ಸಿನ ಬಾಗಿಲಲ್ಲೇ ತಡೆಯುವುದು.

ಅದಕ್ಕಾಗಿ ಇರುವ ಕಪ್ಪು ಗಾಜೇ ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್. ಅಂಗಡಿಯಲ್ಲಿ ಎನ್‌ಡಿ ಎಂದರೆ ಸಾಕು. ಕೆಂಪು, ಹಸಿರು, ನೀಲಿ ಎಂಬ ಭೇದವಿಲ್ಲದೆ ಎಲ್ಲ ಬಣ್ಣವನ್ನೂ ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡಬೇಕು ಎಂಬುದು ಅದರ ಮೇಲಿನ ನಿರೀಕ್ಷೆ. ಆದರೆ ಅಂಗಡಿಗೆ ಹೋದವರನ್ನು ಮೊದಲು ಗೊಂದಲಕ್ಕೆ ಕೆಡಹುವುದು ಅದರ ಅಂಚಿನ ಮೇಲಿನ ಬರಹ. ಒಂದರ ಮೇಲೆ ‘ಎನ್‌ಡಿ 1000’, ಇನ್ನೊಂದರ ಮೇಲೆ ‘3.0’, ಮತ್ತೊಂದರ ಮೇಲೆ ‘10 ಸ್ಟಾಪ್’. ಮೂರೂ ಒಂದೇ ಮಾಲು.

ಈ ಮೂರು ಭಾಷೆಗಳಲ್ಲಿ ಮೊದಲನೆಯದು ನೇರ: ಸಾವಿರದಲ್ಲಿ ಒಂದು ಪಾಲು ಬೆಳಕು ಒಳಗೆ ಬರುತ್ತದೆ. ಮೂರನೆಯದು ಛಾಯಾಗ್ರಾಹಕರ ರೂಢಿ: ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು, ಹತ್ತು ಸಲ ಅರ್ಧ ಮಾಡಿದರೆ 1024ರಲ್ಲಿ ಒಂದು ಪಾಲು ಉಳಿಯುತ್ತದೆ. ಸಾವಿರಕ್ಕೂ 1024ಕ್ಕೂ ಇರುವ ವ್ಯತ್ಯಾಸವನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ನಡುವಿನ ‘3.0’ ಮಾತ್ರ ರಸಾಯನ ವಿಜ್ಞಾನದಿಂದ ಬಂದದ್ದು. ಇಂಗ್ಲೆಂಡಿನ ವಿಡ್ನೆಸ್ ಎಂಬ ಕಾರ್ಖಾನೆ ಊರಿನಲ್ಲಿ ಫರ್ಡಿನಾಂಡ್ ಹರ್ಟರ್ ಮತ್ತು ವೆರೊ ಚಾರ್ಲ್ಸ್ ಡ್ರಿಫೀಲ್ಡ್ ಎಂಬಿಬ್ಬರು ಕ್ಷಾರ ಉದ್ಯಮದಲ್ಲಿ ಕೆಲಸಕ್ಕಿದ್ದರು. ಇಬ್ಬರಿಗೂ ಫೋಟೊ ಹುಚ್ಚು. ಆದರೆ ಎಷ್ಟು ಹೊತ್ತು ಬೆಳಕು ಕೊಡಬೇಕೆಂಬುದನ್ನು ಅಂದಾಜಿನ ಮೇಲೆ ನಡೆಸುವುದನ್ನು ಅವರಿಗೆ ಸಹಿಸಲಾಗಲಿಲ್ಲ. ಗಾಜಿನ ಪ್ಲೇಟುಗಳಿಗೆ ಅಳತೆಯಿಟ್ಟು ಬೆಳಕು ಕೊಟ್ಟು, ತೊಳೆದು, ಎಷ್ಟು ಕಪ್ಪಾಗಿವೆ ಎಂದು ತಮ್ಮದೇ ಉಪಕರಣದಲ್ಲಿ ಅಳೆದು 1890ರಲ್ಲಿ ಪ್ರಕಟಿಸಿದರು. ಹಾಯ್ದು ಬರುವ ಬೆಳಕು ಹತ್ತರಲ್ಲೊಂದಾದರೆ ದಟ್ಟತೆ 1, ನೂರರಲ್ಲೊಂದಾದರೆ 2, ಸಾವಿರದಲ್ಲೊಂದಾದರೆ 3. ಲಾಗರಿದಮ್ಮಿನ ಈ ಲೆಕ್ಕ ಅವರಿಗೆ ಒಗ್ಗಿದ್ದಕ್ಕೆ ಕಾರಣವಿತ್ತು: ಪ್ಲೇಟಿನ ಮೇಲೆ ಕೂತ ಬೆಳ್ಳಿ ಹೆಚ್ಚಿದಂತೆ ಈ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತಿತ್ತು.

ಇದರ ಬೇರು ಇನ್ನೂ ಹಿಂದಿನದು. ಒಂದು ಪದರ ಬೆಳಕನ್ನು ಅರ್ಧಕ್ಕಿಳಿಸಿದರೆ, ಅಂಥದೇ ಎರಡನೇ ಪದರ ಉಳಿದದ್ದರಲ್ಲಿ ಅರ್ಧ ತಡೆಯುತ್ತದೆ ಎಂದು ಫ್ರಾನ್ಸಿನ ಪಿಯೆರ್ ಬೂಗೇ 1729ರಲ್ಲೇ ತೋರಿಸಿದ್ದ. ಹಾಗಾಗಿ ಫಿಲ್ಟರಿನ ಮೇಲೆ ಫಿಲ್ಟರ್ ಹಾಕಿದಾಗ ಹಾಯುವ ಪಾಲುಗಳನ್ನು ಗುಣಿಸಬೇಕು, ದಟ್ಟತೆಗಳನ್ನು ಬರೀ ಕೂಡಿದರಾಯಿತು. 3.0 ಮತ್ತು 1.8 ಸೇರಿದರೆ 4.8. ಹತ್ತು ಸ್ಟಾಪಿಗೆ ಆರು ಸ್ಟಾಪ್ ಸೇರಿದರೆ ಹದಿನಾರು. ಮೂರು ಭಾಷೆಗಳಲ್ಲಿ ನನಗೆ ಇಷ್ಟವಾದದ್ದು ಈ ದಶಮಾಂಶದ್ದೇ. ಆದರೆ ಅಂಗಡಿಯಲ್ಲಿ ಮಾತಾಡುವಾಗ ಸ್ಟಾಪೇ ವಾಸಿ.

ಫಿಲ್ಟರ್ ಹಾಕಿದ ಮೇಲೆ ಕ್ಯಾಮೆರಾ ಕುರುಡಾಗುತ್ತದೆ. ಹತ್ತು ಸ್ಟಾಪಿನ ಗಾಜಿನ ಹಿಂದೆ ಫೋಕಸ್ ಹುಡುಕಲು ಅದಕ್ಕೆ ಎಷ್ಟೋ ಸಲ ಆಗುವುದಿಲ್ಲ. ಆದ್ದರಿಂದ ಟ್ರೈಪಾಡ್ ಊರಿ, ಚೌಕಟ್ಟು ಕೂರಿಸಿ, ಫೋಕಸ್ ಮಾಡಿ, ಆಟೋ ಫೋಕಸ್ ಆಫ್ ಮಾಡಿ, ಆಮೇಲೆ ಗಾಜನ್ನು ಹುಷಾರಾಗಿ ತಿರುಗಿಸಿ ಹಾಕಬೇಕು. ಕನ್ನಡಿಯಿರುವ ಹಳೇ ಮಾದರಿಯ ಕ್ಯಾಮೆರಾ ಆದರೆ ಹಿಂಬದಿಯ ಕಿಂಡಿಯನ್ನೂ ಮುಚ್ಚಬೇಕು. ಮುಂದಿನಿಂದ ಸಾವಿರದಲ್ಲಿ ಒಂದು ಪಾಲು ಬರುವಾಗ ಹಿಂದಿನಿಂದ ನುಸುಳುವ ಬೆಳಕೂ ಲೆಕ್ಕಕ್ಕೆ ಬರುತ್ತದೆ. ಇವೆಲ್ಲ ಯಾವ ಕೈಪಿಡಿಯಲ್ಲಾದರೂ ಸಿಗುವ ಮಾತು.

ಎಷ್ಟು ಹೊತ್ತು ತೆರೆದಿಡಬೇಕೆಂಬುದೇ ಸ್ವಾರಸ್ಯ. ಎಫ್/11ರಲ್ಲಿ ಫಿಲ್ಟರ್ ಇಲ್ಲದೆ ಸೆಕೆಂಡಿನ ಇನ್ನೂರನೇ ಒಂದು ಭಾಗ. ಆರು ಸ್ಟಾಪಿನ ಗಾಜು ಹಾಕಿದರೆ ಅದು 64 ಪಟ್ಟು ಹಿಗ್ಗಿ ಸುಮಾರು ಮೂರನೇ ಒಂದು ಸೆಕೆಂಡಾಗುತ್ತದೆ. ಹತ್ತು ಸ್ಟಾಪಿನದಾದರೆ ಐದು ಸೆಕೆಂಡು. ಎರಡನ್ನೂ ಒಟ್ಟಿಗೆ ಹಾಕಿದರೆ ಐದೂವರೆ ನಿಮಿಷದ ಹತ್ತಿರ. ಮೂರರಲ್ಲೂ ಕಲ್ಲುಕಂಬ ಒಂದೇ; ಕಡಲು ಮೂರು ಬೇರೆ. ಮೂರನೇ ಒಂದು ಸೆಕೆಂಡಿನಲ್ಲಿ, ಕಂಬಗಳ ಸಂದಿಯಿಂದ ವಾಪಸು ಜಾರುವ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿದ್ದರೆ, ಒಂದೊಂದು ನೊರೆಗುಳ್ಳೆಯೂ ಅರವತ್ತೈದು ಸೆಂಟಿಮೀಟರಿನಷ್ಟು ಉದ್ದದ ಬಿಳಿ ಗೆರೆ ಎಳೆಯುತ್ತದೆ. ನೀರು ಯಾವ ಕಡೆ ಹರಿಯಿತು, ಎಲ್ಲಿ ಸುತ್ತಿತು, ಯಾವ ಕಲ್ಲಿಗೆ ತಾಗಿ ಸೀಳಿತು ಎಂಬುದೆಲ್ಲ ಆ ಗೆರೆಗಳಲ್ಲಿ ಓದಲು ಸಿಗುತ್ತದೆ. ಐದು ಸೆಕೆಂಡಿನಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದು ದಿಕ್ಕು ಅಳಿಸಿಹೋಗುತ್ತದೆ. ಐದು ನಿಮಿಷದಲ್ಲಿ ಹತ್ತಾರು ಅಲೆಗಳು ಬಂದು ಹೋಗಿ, ಕಡಲು ಎಂಬುದು ಬಿಳಿಚಿಕೊಂಡ ಒಂದು ಸಮತಲ ಮಾತ್ರ. ಬಹಳ ಮಂದಿ ಮೆಚ್ಚುವುದು ಆ ಕೊನೆಯದನ್ನು. ನನಗೆ ಮೊದಲನೆಯದರಲ್ಲಿ ಹೆಚ್ಚು ಸುದ್ದಿ ಇದೆ ಅನ್ನಿಸುತ್ತದೆ. ಹಾಲಿನಂಥ ನೀರಿನ ಚಿತ್ರ ಈಗ ಹೋಟೆಲಿನ ಗೋಡೆಗೆಲ್ಲ ಬಂದುಬಿಟ್ಟಿದೆ.

ದೀರ್ಘ ಎಕ್ಸ್‌ಪೋಶರಿನಲ್ಲಿ ಏನು ಉಳಿಯುತ್ತದೆ, ಏನು ಮಾಯವಾಗುತ್ತದೆ ಎಂಬುದಕ್ಕೆ ಖಚಿತ ನಿಯಮವಿದೆ. ಸೆನ್ಸರ್ ಒಂದು ಹಾಜರಿ ಪುಸ್ತಕ ಎಂದುಕೊಳ್ಳಿ. ಒಂದೊಂದು ಪಿಕ್ಸೆಲಿಗೂ ಒಂದೊಂದು ಪುಟ. ಶಟರ್ ತೆರೆದಿರುವಷ್ಟು ಹೊತ್ತೂ ಆ ಪುಟದೆದುರು ನಿಂತ ಕಲ್ಲಿಗೆ ಪೂರ್ಣ ಹಾಜರಿ. ಐದು ನಿಮಿಷದಲ್ಲಿ ಮೂರೇ ಸೆಕೆಂಡು ಅಡ್ಡ ಹಾಯ್ದ ಪ್ರವಾಸಿಗನಿಗೆ ನೂರರಲ್ಲಿ ಒಂದು ಪಾಲು. ಅವನು ಚಿತ್ರದಲ್ಲಿ ಇದ್ದೂ ಇಲ್ಲ. ಆದರೆ ಈ ಪುಸ್ತಕದಲ್ಲಿ ಒಂದು ಪಕ್ಷಪಾತವಿದೆ. ಪ್ರಕಾಶಮಾನವಾದದ್ದು ಹೆಚ್ಚು ಸಹಿ ಹಾಕುತ್ತದೆ. ಬಿಳಿ ನೊರೆ ಕಪ್ಪು ನೀರಿಗಿಂತ ಹತ್ತು ಪಟ್ಟು ಬೆಳಕು ಚೆಲ್ಲುತ್ತದೆ ಎಂದಾದರೆ, ಹತ್ತು ಸೆಕೆಂಡಿನಲ್ಲಿ ಒಂದು ಸೆಕೆಂಡು ಬಂದು ಹೋದ ನೊರೆಯೂ ಉಳಿದ ಒಂಬತ್ತು ಸೆಕೆಂಡಿನ ಕಪ್ಪು ನೀರೂ ಹೆಚ್ಚುಕಡಿಮೆ ಸಮಸಮ. ಆದ್ದರಿಂದಲೇ ಇಂಥ ಚಿತ್ರಗಳಲ್ಲಿ ನೀರು ಯಾವಾಗಲೂ ಕಣ್ಣಿಗೆ ಕಂಡದ್ದಕ್ಕಿಂತ ಬಿಳುಪು. ರಾತ್ರಿ ದೀಪ ಹಿಡಿದು ನಡೆದವನ ದೀಪ ಗೆರೆಯಾಗಿ ಉಳಿದು, ಅವನು ಮಾತ್ರ ಇಲ್ಲವಾಗುವುದೂ ಇದರಿಂದಲೇ.

ಈ ನಿಯಮದ ಹಳೆಯ ಸಾಕ್ಷಿಯೊಂದು ಪ್ಯಾರಿಸಿನದು. 1838ರಲ್ಲಿ ಲೂಯಿ ಡಾಗೇರ್ ತನ್ನ ಕಿಟಕಿಯಿಂದ ಬುಲ್‌ವಾರ್ ದು ತಾಂಪ್ಲ್ ಎಂಬ ಜನನಿಬಿಡ ರಸ್ತೆಯ ಚಿತ್ರ ತೆಗೆದ. ಅವನ ಬೆಳ್ಳಿಯ ತಗಡು ಎಷ್ಟು ಮಂದವಾಗಿತ್ತೆಂದರೆ ಹಲವು ನಿಮಿಷ ಬೆಳಕು ಬೇಕಾಯಿತು. ಫಿಲ್ಟರಿನ ಕೆಲಸವನ್ನು ತಗಡೇ ಮಾಡಿತು. ಗಾಡಿ, ಕುದುರೆ, ಜನ ಎಲ್ಲ ಅಳಿಸಿಹೋದರು. ಕೆಳಗಡೆ ಎಡ ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಒಂದು ಕಾಲೆತ್ತಿ ನಿಂತ ಒಬ್ಬಾತ, ಪಾಲಿಶ್ ಮಾಡುವವನ ಅಸ್ಪಷ್ಟ ಆಕಾರ, ಇಷ್ಟು ಉಳಿದವು. ಕ್ಯಾಮೆರಾಕ್ಕೆ ಸಿಕ್ಕ ಮೊದಲ ಮನುಷ್ಯ ಎಂಬ ಕೀರ್ತಿ ಅವನಿಗೆ ಬಂದದ್ದು ಬೂಟಿನ ಕೆಸರಿನಿಂದ. ಅಲ್ಲಿಂದ ನಲವತ್ತು ವರ್ಷ ವೇಗದ ಪ್ಲೇಟಿಗಾಗಿ ಜನ ಹೆಣಗಿದರು; 1878ರಲ್ಲಿ ಮಯ್‌ಬ್ರಿಜ್ ಎಂಬ ಛಾಯಾಗ್ರಾಹಕ ಓಡುವ ಕುದುರೆಯ ನಾಲ್ಕೂ ಕಾಲು ನೆಲ ಬಿಟ್ಟದ್ದನ್ನು ಹಿಡಿದ. ಈಗ ನಾವು ಹಣ ಕೊಟ್ಟು ಕಪ್ಪು ಗಾಜು ತಂದು ಡಾಗೇರನ ಮಂದ ತಗಡಿಗೆ ಮರಳುತ್ತಿದ್ದೇವೆ.

ಜನ ವಿರಳವಾಗಿದ್ದರೆ ಮಾಯವಾಗುತ್ತಾರೆ. ಆದರೆ ಒಂದೇ ಸಮನೆ ಬರುತ್ತಿದ್ದರೆ? 1990ರ ದಶಕದ ಮೊದಲಲ್ಲಿ, ಸೋವಿಯತ್ ಒಕ್ಕೂಟ ಕುಸಿದ ಹೊತ್ತಿನಲ್ಲಿ, ಅಲೆಕ್ಸೆ ತಿತಾರೆಂಕೊ ಎಂಬ ಛಾಯಾಗ್ರಾಹಕ ಸೇಂಟ್ ಪೀಟರ್ಸ್‌ಬರ್ಗಿನ ಮೆಟ್ರೊ ನಿಲ್ದಾಣದೆದುರು ಹೀಗೇ ದೀರ್ಘ ಎಕ್ಸ್‌ಪೋಶರ್ ಕೊಟ್ಟು ಚಿತ್ರ ತೆಗೆದರು. ಮೆಟ್ಟಿಲೇರುವ ಗುಂಪಿನಲ್ಲಿ ಯಾರೊಬ್ಬರಿಗೂ ಪೂರ್ಣ ಹಾಜರಿಯಿಲ್ಲ. ಆದರೆ ಯಾರೋ ಒಬ್ಬರು ಸದಾ ಅಲ್ಲಿದ್ದೇ ಇದ್ದರು. ಹೀಗಾಗಿ ಜನಸಂದಣಿ ಮೆಟ್ಟಿಲ ಮೇಲೆ ಹೊಗೆಯಾಗಿ ಕೂತಿತು. ಕಂಬಿಯನ್ನು ಹಿಡಿದ ಕೈಗಳು ಮಾತ್ರ ಅಲ್ಲಲ್ಲಿ ಕಾಣುತ್ತವೆ, ಹಿಡಿದ ಕೈ ಒಂದರೆಗಳಿಗೆ ನಿಲ್ಲುತ್ತದಲ್ಲ.

ಗಾಜಿನ ವಿಷಯಕ್ಕೆ ಮರಳೋಣ. ಎಲ್ಲ ಬಣ್ಣವನ್ನೂ ಸಮನಾಗಿ ತಡೆಯುವುದು ಹೇಳಿದಷ್ಟು ಸುಲಭವಲ್ಲ. ಬಣ್ಣ ಬೆರೆಸಿದ ಅಗ್ಗದ ಗಾಜು ಅಥವಾ ರಾಳ ಕಣ್ಣಿಗೆ ಕಾಣುವ ಬೆಳಕನ್ನು ಚೆನ್ನಾಗಿಯೇ ಹೀರಬಹುದು, ಆದರೆ ಅವಕೆಂಪು ಕಿರಣಗಳನ್ನು ಧಾರಾಳವಾಗಿ ಒಳಗೆ ಬಿಡುತ್ತದೆ. ಸಿಲಿಕಾನ್ ಸೆನ್ಸರ್ ಸುಮಾರು 1100 ನ್ಯಾನೊಮೀಟರ್‌ವರೆಗೂ ಬೆಳಕನ್ನು ಗ್ರಹಿಸಬಲ್ಲದು. ಅದರ ಮುಂದೆ ಕ್ಯಾಮೆರಾದವರೇ ಅವಕೆಂಪು ತಡೆಯ ಒಂದು ಪದರ ಕೂರಿಸಿರುತ್ತಾರಾದರೂ ಸ್ವಲ್ಪ ಸೋರುತ್ತದೆ. ಮಾಮೂಲಿ ಚಿತ್ರದಲ್ಲಿ ಆ ಸೋರಿಕೆ ಲೆಕ್ಕಕ್ಕಿಲ್ಲ. ಆದರೆ ಎನ್‌ಡಿ ಗಾಜು ಕಾಣುವ ಬೆಳಕನ್ನು ಸಾವಿರದ ಒಂದಕ್ಕಿಳಿಸಿ ಅವಕೆಂಪನ್ನು ಮಾತ್ರ ಹಾಗೇ ಬಿಟ್ಟರೆ, ಸೋರಿಕೆಯ ಪಾಲು ಸಾವಿರ ಪಟ್ಟು ಹಿಗ್ಗಿದಂತಾಗುತ್ತದೆ. ಕಪ್ಪು ಬಟ್ಟೆ ಕಂದು, ಮರದ ಎಲೆ ಕೆಂಪುಗಂದು. ಎಲೆಗಳು ಅವಕೆಂಪನ್ನು ಜೋರಾಗಿ ಪ್ರತಿಫಲಿಸುವುದರಿಂದ ತೆಂಗಿನ ಗರಿಗಳಲ್ಲಿ ಈ ರೋಗ ಮೊದಲು ಗೊತ್ತಾಗುತ್ತದೆ. ವೈಟ್ ಬ್ಯಾಲೆನ್ಸ್ ತಿರುಚಿ ಸರಿಪಡಿಸಲು ಹೋದರೆ ಆಕಾಶ ಕೆಡುತ್ತದೆ, ಏಕೆಂದರೆ ಒಂದೊಂದು ವಸ್ತುವಿನಲ್ಲಿ ಅವಕೆಂಪಿನ ಪಾಲು ಒಂದೊಂದು ಥರ. ನಿಕ್ಕಲ್–ಕ್ರೋಮಿಯಮ್ ಮಿಶ್ರಲೋಹದ ತೆಳು ಲೇಪ ಹಚ್ಚಿದ ಗಾಜುಗಳು ಇದಕ್ಕಿಂತ ಎಷ್ಟೋ ಮೇಲು; ಅವು ತಡೆಯುವ ಬೆಳಕಿನಲ್ಲಿ ಒಂದು ಪಾಲನ್ನು ಕನ್ನಡಿಯಂತೆ ವಾಪಸು ಎಸೆಯುತ್ತವೆ.

ಹೊಸ ಫಿಲ್ಟರ್ ತಂದವರು ಕಡಲಿಗೆ ಓಡುವ ಮುನ್ನ ನೆರಳಿನಲ್ಲಿರುವ ಬಿಳಿ ಗೋಡೆಯೆದುರು ಕ್ಯಾಮೆರಾ ಇಡಲಿ. ಗಾಜಿಲ್ಲದೆ ಒಂದು, ಗಾಜು ಹಾಕಿ ಲೆಕ್ಕದಷ್ಟೇ ಹೆಚ್ಚು ಹೊತ್ತು ಕೊಟ್ಟು ಇನ್ನೊಂದು. ಎರಡರ ಹಿಸ್ಟೊಗ್ರಾಮ್ ಪಕ್ಕಪಕ್ಕ ಇಟ್ಟರೆ ಗಾಜು ನಿಜಕ್ಕೂ ಹತ್ತು ಸ್ಟಾಪೋ, ಒಂಬತ್ತೂವರೆಯೋ, ಯಾವ ಬಣ್ಣ ಎತ್ತ ಜಾರಿದೆ ಎಂಬುದೆಲ್ಲ ತಿಳಿಯುತ್ತದೆ. ಅಂಚಿನ ಮೇಲಿನ ಸಂಖ್ಯೆಗಿಂತ ಈ ಗೋಡೆಯ ಮಾತು ನಂಬಲರ್ಹ.

ತಿರುಗಿಸಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದಾದ ಎನ್‌ಡಿಯೂ ಇದೆ; ವಿಡಿಯೊ ಮಾಡುವವರಿಗೆ ಅದು ಪ್ರಿಯ. ಅದರಲ್ಲಿರುವುದು ಕಪ್ಪು ಬಣ್ಣವಲ್ಲ, ಒಂದರ ಹಿಂದೊಂದು ಎರಡು ಧ್ರುವಕಗಳು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರೈಸರ್ ಗಾಜುಗಳು. ಮೊದಲನೆಯದು ಅರ್ಧ ಬೆಳಕನ್ನು ಬಿಡುತ್ತದೆ. ಎರಡನೆಯದು ಅದರಲ್ಲಿ ಎಷ್ಟು ಬಿಡುತ್ತದೆ ಎಂಬುದು ಅವೆರಡರ ನಡುವಿನ ಕೋನದ ಕೊಸೈನ್ ವರ್ಗದಷ್ಟು. ಎಟಿಯೆನ್ ಲೂಯಿ ಮಾಲೂಸ್ ಎಂಬ ಫ್ರೆಂಚ್ ಎಂಜಿನಿಯರನ ಹೆಸರಿನ ನಿಯಮ ಇದು. 60 ಡಿಗ್ರಿಯಲ್ಲಿ ಒಟ್ಟು ಎಂಟರಲ್ಲೊಂದು ಪಾಲು, 80ರಲ್ಲಿ ಅರವತ್ತಾರರಲ್ಲೊಂದು, 85ರಲ್ಲಿ ಇನ್ನೂರ ಅರವತ್ಮೂರರಲ್ಲೊಂದು. ಕೊನೆಯ ಐದು ಡಿಗ್ರಿಗೇ ಎರಡು ಸ್ಟಾಪ್ ಜಾರಿತು! ಅಗಲ ನೋಟದ ಲೆನ್ಸಿನಲ್ಲಿ ಚಿತ್ರದ ಮೂಲೆಗೆ ಹೋಗುವ ಕಿರಣಗಳು ಓರೆಯಾಗಿ ಹಾಯುವುದರಿಂದ ಅವಕ್ಕೆ ಕೋನ ಬೇರೆಯಾಗಿ ತೋರುತ್ತದೆ. ಕೋನದ ಸಣ್ಣ ವ್ಯತ್ಯಾಸ ದೊಡ್ಡದಾಗುವ ಆ ತುದಿಯಲ್ಲಿ ಆಕಾಶದ ಮೇಲೆ ದೊಡ್ಡ ಗುಣಾಕಾರ ಚಿಹ್ನೆಯೊಂದು ಮೂಡಿಬಿಡುತ್ತದೆ. ಅದು ಗಾಜಿನ ದೋಷವಲ್ಲ, ಮಾಲೂಸನ ನಿಯಮವೇ ಮುಖ ತೋರಿಸಿದ್ದು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಮೇಲೆ ಕಂಕಣ ಗ್ರಹಣ ಹಾದುಹೋದಂಥ ಸಂದರ್ಭಗಳಲ್ಲಿ ಬ್ಯಾಗಿನಲ್ಲಿರುವ ಎನ್‌ಡಿ ಗಾಜನ್ನು ಕಣ್ಣಿಗೆ ಹಿಡಿಯುವ ಆಸೆ ಬರುವುದು ಸಹಜ. ಬೇಡ. ಸೂರ್ಯನನ್ನು ನೇರ ನೋಡಲು ಬೆಳಕು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ ದಟ್ಟತೆ 5ಕ್ಕೆ ಇಳಿಯಬೇಕು. ಹತ್ತು ಸ್ಟಾಪಿನ ಗಾಜಿನದು 3. ನೂರು ಪಟ್ಟು ಹೆಚ್ಚು ಬೆಳಕು ಕಣ್ಣೊಳಗೆ ಹೋಗುತ್ತದೆ, ಜೊತೆಗೆ ಕಣ್ಣಿಗೆ ಕಾಣದ ಅವಕೆಂಪೂ. ಹಳ್ಳಿಯಲ್ಲಿ ಸಗಣಿ ಕದಡಿದ ನೀರಿನ ಬೋಗುಣಿಯಲ್ಲಿ ಗ್ರಹಣ ನೋಡುತ್ತಿದ್ದರಲ್ಲ, ಅದೂ ಇದೇ ಲೆಕ್ಕದಲ್ಲಿ ಸೋಲುತ್ತದೆ. ಸೂರ್ಯ ನೆತ್ತಿಯ ಮೇಲಿದ್ದರೆ ನೀರಿನ ಮೇಲ್ಮೈ ಬೆಳಕಿನ ನೂರರಲ್ಲಿ ಎರಡು ಪಾಲನ್ನು ವಾಪಸು ಕಳಿಸುತ್ತದೆ, ಇಳಿದಿದ್ದರೆ ಇನ್ನೂ ಹೆಚ್ಚು. ದಟ್ಟತೆ 2ನ್ನೂ ಮುಟ್ಟುವುದಿಲ್ಲ.

ಕೊನೆಗೊಂದು ಅನಾನುಕೂಲದ ಪ್ರಶ್ನೆ: ಈ ಗಾಜು ಬೇಕೇ? ಹತ್ತು ಸ್ಟಾಪಿನ ಫಿಲ್ಟರ್ ಹಾಕಿ ಐದು ಸೆಕೆಂಡು ಕಾದರೂ, ಹಾಕದೆ ಇನ್ನೂರನೇ ಒಂದು ಸೆಕೆಂಡಿನಲ್ಲಿ ಮುಗಿಸಿದರೂ ಸೆನ್ಸರಿಗೆ ಸಿಗುವ ಫೋಟಾನುಗಳು ಅಷ್ಟೇ. ಕಾದದ್ದರಿಂದ ಬೆಳಕು ಹೆಚ್ಚಲಿಲ್ಲ. 1024ರಲ್ಲಿ 1023 ಪಾಲನ್ನು ಚೆಲ್ಲಿ ಕಾಲವನ್ನಷ್ಟೇ ಕೊಂಡದ್ದಾಯಿತು. ಅದರ ಬದಲು ಚಿಕ್ಕ ಚಿಕ್ಕ ಎಕ್ಸ್‌ಪೋಶರಿನ ನೂರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಸರಾಸರಿ ಮಾಡಿದರೆ ನೀರು ಅಷ್ಟೇ ನುಣುಪಾಗುತ್ತದೆ. ಚಿತ್ರದ ಗದ್ದಲವೂ ಹತ್ತನೇ ಒಂದಕ್ಕಿಳಿಯುತ್ತದೆ, ಏಕೆಂದರೆ ಗದ್ದಲ ಕುಗ್ಗುವುದು ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು. ಬಣ್ಣ ಕೆಡುವುದಿಲ್ಲ, ನಿಮಿಷಗಟ್ಟಲೆ ತೆರೆದಿಟ್ಟು ಕಾದ ಸೆನ್ಸರಿನಲ್ಲಿ ಏಳುವ ಬಿಳಿ ಚುಕ್ಕೆಗಳೂ ಇಲ್ಲ. ಮೊಬೈಲಿನ ‘ಲಾಂಗ್ ಎಕ್ಸ್‌ಪೋಶರ್’ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಕೊರತೆಯೂ ಇದೆ: ಚಿತ್ರ ಚಿತ್ರದ ನಡುವೆ ಸಂದು ಬಿಡುವುದರಿಂದ ದೋಣಿಯ ದೀಪ ಗೆರೆಯಾಗದೆ ಚುಕ್ಕಿಚುಕ್ಕಿಯಾಗುತ್ತದೆ, ಮೂರನೇ ಒಂದು ಸೆಕೆಂಡಿನ ನೊರೆಯ ಗೆರೆಗಳಂತೂ ಸಿಗುವುದೇ ಇಲ್ಲ. ನಾನು ಗಾಜನ್ನು ಬಿಟ್ಟಿಲ್ಲ, ಆದರೆ ಅದನ್ನು ಆರು ಸ್ಟಾಪಿಗೆ ಇಳಿಸಿದ್ದೇನೆ. ನಿಮಿಷಗಳ ಕೆಲಸ ಕಂಪ್ಯೂಟರಿಗೇ ಇರಲಿ.

ಆ ನಿಮಿಷಗಳ ಸರಾಸರಿ ಬರೀ ಅಂದಕ್ಕಲ್ಲ ಎಂದು ತೋರಿಸಿದವರು ಕಡಲ ವಿಜ್ಞಾನಿಗಳು. 1980ರ ದಶಕದಲ್ಲಿ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬ್ ಹೋಲ್ಮನ್ ಮತ್ತು ಸಂಗಡಿಗರು ನಾರ್ತ್ ಕೆರೊಲೈನಾದ ಡಕ್ ಎಂಬಲ್ಲಿ ಕಡಲತೀರದತ್ತ ವಿಡಿಯೊ ಕ್ಯಾಮೆರಾ ತಿರುಗಿಸಿಟ್ಟು, ಹತ್ತು ನಿಮಿಷದ ಚಿತ್ರಗಳನ್ನು ಸರಾಸರಿ ಮಾಡಿದರು. ಒಂಟಿ ಚಿತ್ರದಲ್ಲಿ ಅಲೆಗಳ ಗೋಜಲು ಬಿಟ್ಟು ಬೇರೇನೂ ಕಾಣದು. ಸರಾಸರಿಯಲ್ಲಿ ದಡಕ್ಕೆ ಸಮಾನಾಂತರವಾಗಿ ಬಿಳಿ ಪಟ್ಟೆಗಳು ಎದ್ದವು. ಅಲೆ ಒಡೆದು ನೊರೆಯಾಗುವುದು ನೀರು ಆಳ ಕಳೆದುಕೊಂಡಲ್ಲಿ. ನೊರೆಯ ಹಾಜರಿ ಎಲ್ಲಿ ಹೆಚ್ಚೋ ಅಲ್ಲಿ ತಳದಲ್ಲಿ ಮರಳ ದಿಬ್ಬವಿದೆ ಎಂದರ್ಥ. ಯಾರೂ ನೀರಿಗಿಳಿಯದೆ, ಬಿರುಗಾಳಿಯ ದಿನವೂ, ದಿಬ್ಬಗಳು ಸರಿದಾಡುವುದನ್ನು ದಡದಿಂದಲೇ ಅಳೆಯಲು ಸಾಧ್ಯವಾಯಿತು. ಆರ್ಗಸ್ ಎಂಬ ಹೆಸರಿನ ಇಂಥ ಕೇಂದ್ರಗಳು ಆಮೇಲೆ ಹಲವು ದೇಶಗಳ ತೀರದಲ್ಲಿ ಬಂದವು.

ಮಲ್ಪೆಯ ತೀರದಲ್ಲೋ ಪಣಂಬೂರಿನಲ್ಲೋ ಎತ್ತರದ ಒಂದು ಜಾಗದಿಂದ ಯಾರು ಬೇಕಾದರೂ ಇದನ್ನು ಮಾಡಿ ನೋಡಬಹುದು. ಹತ್ತು ನಿಮಿಷದ ಸರಾಸರಿಯಲ್ಲಿ ಬಿಳಿ ಪಟ್ಟೆ ಉದ್ದಕ್ಕೂ ಒಂದೇ ಸಮ ಇರದೆ ಕೆಲವೆಡೆ ತುಂಡಾಗಿರಬಹುದು. ಆ ಕಪ್ಪು ಸಂದಿನಲ್ಲಿ ಅಲೆ ಒಡೆಯುವುದಿಲ್ಲ, ಏಕೆಂದರೆ ಅಲ್ಲಿ ಆಳ ಹೆಚ್ಚು. ದಡಕ್ಕೆ ಏರಿದ ನೀರು ಆ ಸಂದಿನಿಂದ ರಭಸವಾಗಿ ಕಡಲಿಗೆ ಮರಳುತ್ತದೆ. ದಡದಲ್ಲಿ ನಿಂತು ಬರಿಗಣ್ಣಿನಲ್ಲಿ ನೋಡಿದರೆ ನೊರೆಯಿಲ್ಲದ ಆ ಜಾಗವೇ ಎಲ್ಲಕ್ಕಿಂತ ಶಾಂತವಾಗಿ ಕಾಣುತ್ತದೆ, ಈಜು ಬಾರದವರು ಇಳಿಯಲು ಆರಿಸಿಕೊಳ್ಳುವುದೂ ಎಷ್ಟೋ ಸಲ ಅದನ್ನೇ.